ಗಾಳಿಯಲ್ಲಿ ನಿಂತ ಕೆಂಪು ಚುಕ್ಕಿ: ಪಿಸ್ತೂಲಿನ ಗುರಿದರ್ಶಕದ ತತ್ತ್ವ, ಆಯ್ಕೆ ಮತ್ತು ಜೋಡಣೆ

ಬೆಳದಿಂಗಳ ರಾತ್ರಿಯಲ್ಲಿ ರೈಲುಗಾಡಿಯ ಕಿಟಕಿಯ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆಲ್ಲ ಒಂದು ಅನುಭವ ಉಂಟು. ಹಳಿಯ ಬದಿಯ ತಂತಿಕಂಬಗಳು ರಭಸದಿಂದ ಹಿಂದಕ್ಕೆ ಓಡುತ್ತವೆ. ಹೊಲದಾಚೆಯ ತೆಂಗಿನಮರಗಳು ನಿಧಾನವಾಗಿ ಸರಿಯುತ್ತವೆ. ಚಂದ್ರನು ಮಾತ್ರ ನಮ್ಮೊಡನೆಯೇ ಬರುತ್ತಿರುವಂತೆ ತೋರುತ್ತಾನೆ. ಚಂದ್ರನಿಂದ ಬರುವ ಕಿರಣಗಳು ನಮ್ಮನ್ನು ಮುಟ್ಟುವ ವೇಳೆಗೆ ಒಂದಕ್ಕೊಂದು ಬಹುಮಟ್ಟಿಗೆ ಸಮಾನಾಂತರವಾಗಿರುವುದೇ ಇದಕ್ಕೆ ಕಾರಣ. ನಾವು ಎಷ್ಟು ದೂರ ಸರಿದರೂ ಅವನು ಕಾಣುವ ದಿಕ್ಕು ಬದಲಾಗುವುದಿಲ್ಲ. ಒಂದು ಪುಟ್ಟ ದೀಪದಿಂದ ಇಂತಹ ಕೃತಕ ಚಂದ್ರನನ್ನು ಸೃಷ್ಟಿಸಿ, ಅದನ್ನು ಪಿಸ್ತೂಲಿನ ನೆತ್ತಿಯ ಮೇಲೆ ಕೂರಿಸಿದರೆ ಏನಾದೀತು? ಇಂದಿನ ಚುಕ್ಕಿ ಗುರಿದರ್ಶಕ ಅದೇ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡೋಣ. ಚಲನಚಿತ್ರಗಳಲ್ಲಿ ಶತ್ರುವಿನ ಎದೆಯ ಮೇಲೆ ಓಡಾಡುವ ಕೆಂಪು ಬೊಟ್ಟು ಲೇಸರ್ ಕಿರಣದ್ದು. ನಾವು ವಿವರಿಸಲಿರುವ ಉಪಕರಣವು ಗುರಿಯ ಮೇಲೆ ಯಾವ ಬೆಳಕನ್ನೂ ಚೆಲ್ಲುವುದಿಲ್ಲ. ಅದರ ಚುಕ್ಕಿ, ಗಾಜಿನ ಹಿಂದೆ ನಿಂತು ನೋಡುವವನಿಗೆ ಮಾತ್ರ ಕಾಣುವ ಮಿಥ್ಯಾಬಿಂಬ.

ಹಳೆಯ ವಿಧಾನದ ಕಷ್ಟ

ಎನ್.ಸಿ.ಸಿ. ಶಿಬಿರದಲ್ಲಿ ರೈಫಲ್ ಹಿಡಿದ ವಿದ್ಯಾರ್ಥಿಗಳಿಗೆ ಹಳೆಯ ವಿಧಾನ ಗೊತ್ತು. ಕಣ್ಣಿನ ಬಳಿ ಬ್ಯಾಕ್‌ಸೈಟ್, ನಳಿಕೆಯ ತುದಿಯಲ್ಲಿ ಫೋರ್‌ಸೈಟ್, ದೂರದಲ್ಲಿ ಗುರಿಹಲಗೆ. ಈ ಮೂರನ್ನೂ ಒಂದೇ ಗೆರೆಯಲ್ಲಿ ತರಬೇಕು. ಆದರೆ ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದೇ ದೂರದ ವಸ್ತುವನ್ನು ಸ್ಫುಟವಾಗಿ ಕಾಣಬಲ್ಲದು. ಫೋರ್‌ಸೈಟನ್ನು ಸ್ಪಷ್ಟವಾಗಿ ಕಂಡರೆ ಗುರಿ ಮಸುಕು. ಗುರಿಯನ್ನು ದಿಟ್ಟಿಸಿದರೆ ಫೋರ್‌ಸೈಟ್ ಮಸುಕು. ನಲವತ್ತು ದಾಟಿದವರಲ್ಲಿ ಕಣ್ಣಿನ ಮಸೂರವು ತನ್ನ ಮೃದುತ್ವವನ್ನು ಕಳೆದುಕೊಳ್ಳುವುದರಿಂದ ಹತ್ತಿರದ ಕಡ್ಡಿ ಇನ್ನಷ್ಟು ಅಸ್ಪಷ್ಟವಾಗುತ್ತದೆ.

ಪಿಸ್ತೂಲಿನಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಎರಡು ಸೈಟುಗಳ ನಡುವಣ ಅಂತರ 160 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಮುಂದಿನ ಕಡ್ಡಿ ಹಿಂದಿನ ಕಚ್ಚಿನ ನಡುವಿನಿಂದ ಕೇವಲ ಅರ್ಧ ಮಿಲಿಮೀಟರ್ ಸರಿದಿದ್ದರೆ, ಸಮರೂಪ ತ್ರಿಕೋನಗಳ ನಿಯಮದಂತೆ 25 ಮೀಟರ್ ದೂರದಲ್ಲಿ ತಪ್ಪು 0.5 × 25,000 ÷ 160, ಅಂದರೆ ಸುಮಾರು 78 ಮಿಲಿಮೀಟರ್! ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ಇಂದಿಗೂ ತೆರೆದ ಸೈಟುಗಳಿಗೆ ಮಾತ್ರ ಅವಕಾಶವಿದೆ. 10 ಮೀಟರ್ ಏರ್ ಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. 2016ರ ರಿಯೋ ಕ್ರೀಡಾಕೂಟದಲ್ಲಿ ಭಾಗವಹಿಸಿದ ಬೆಂಗಳೂರಿನ ಪ್ರಕಾಶ್ ನಂಜಪ್ಪನವರಾಗಲಿ, 2024ರ ಪ್ಯಾರಿಸ್ಸಿನಲ್ಲಿ ಎರಡು ಕಂಚಿನ ಪದಕ ಗೆದ್ದ ಮನು ಭಾಕರ್ ಅವರಾಗಲಿ ಚುಕ್ಕಿ ಗುರಿದರ್ಶಕದ ನೆರವಿಲ್ಲದೆ ಗುರಿಯಿಟ್ಟವರು. ಅವರ ಸಾಧನೆ ಎಷ್ಟು ಕಠಿನವೆಂಬುದು ಮೇಲಿನ ಲೆಕ್ಕದಿಂದ ತಿಳಿಯುತ್ತದೆ.

ದೂರದರ್ಶಕ ತಯಾರಕನ ಉಪಾಯ

ಈ ತೊಡಕಿಗೆ ಉತ್ತರ ಕಂಡುಹಿಡಿದವರು ಡಬ್ಲಿನ್ ನಗರದ ಸರ್ ಹೋವರ್ಡ್ ಗ್ರಬ್. ಖಗೋಳ ದೂರದರ್ಶಕಗಳನ್ನು ತಯಾರಿಸುವುದರಲ್ಲಿ ಅವರು ಪ್ರಸಿದ್ಧರು. ಅವರ ಕಾರ್ಯಾಗಾರದ 20 ಅಂಗುಲದ ದರ್ಪಣ ದೂರದರ್ಶಕವೊಂದು ಪುಣೆಯ ವೀಕ್ಷಣಾಲಯಕ್ಕೆ ಬಂದು, 1912ರಲ್ಲಿ ಆ ವೀಕ್ಷಣಾಲಯ ಮುಚ್ಚಿದ ಮೇಲೆ ಕೊಡೈಕನಾಲಿಗೆ ಸೇರಿತು. ಮಸೂರಗಳೊಡನೆ ಬಾಳಿದ ಈ ಶಿಲ್ಪಿ 1900ರಲ್ಲಿ ಪ್ರತಿಫಲನ ಗುರಿದರ್ಶಕಕ್ಕೆ ಪೇಟೆಂಟ್ ಪಡೆದರು. ಗುರುತನ್ನೂ ಗುರಿಯಷ್ಟೇ ದೂರದಲ್ಲಿ ಕಾಣುವಂತೆ ಮಾಡಿದರೆ ಕಣ್ಣು ಎರಡನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಲೇಬೇಕು ಎಂಬುದು ಅವರ ತರ್ಕ.

1918ರಲ್ಲಿ ಜರ್ಮನಿಯ ಯುದ್ಧವಿಮಾನಗಳಲ್ಲಿಯೂ, ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮುಂತಾದ ವಿಮಾನಗಳಲ್ಲಿಯೂ ಈ ತತ್ತ್ವ ಬಳಕೆಗೆ ಬಂತು. ಆದರೆ ಕೈಯಲ್ಲಿ ಹಿಡಿಯುವ ಆಯುಧಕ್ಕೆ ತಕ್ಕಷ್ಟು ಚಿಕ್ಕದಾದ, ಅಲ್ಪ ವಿದ್ಯುತ್ತಿನಿಂದ ಬೆಳಗುವ ದೀಪವಿರಲಿಲ್ಲ. 1962ರಲ್ಲಿ ನಿಕ್ ಹೊಲೊನ್ಯಾಕ್ ಅವರು ಕೆಂಪು ಬೆಳಕು ಕೊಡುವ ಎಲ್.ಇ.ಡಿ.ಯನ್ನು ನಿರ್ಮಿಸಿದುದರಿಂದ ಆ ಕೊರತೆ ನೀಗಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆಯು ಎಲ್.ಇ.ಡಿ. ಗುರಿದರ್ಶಕವನ್ನು ಮಾರುಕಟ್ಟೆಗೆ ತಂದಿತು.

ಒಳಗಿನ ರಚನೆ

ಉಪಕರಣದ ಒಳಗೆ ಇರುವುದು ಬಹು ಸರಳ. ಹಿಂಭಾಗದ ತಳದಲ್ಲಿ ಒಂದು ಸೂಕ್ಷ್ಮ ಎಲ್.ಇ.ಡಿ.; ಮುಂಭಾಗದಲ್ಲಿ ನಿಮ್ನ ದರ್ಪಣದಂತೆ ಬಾಗಿದ ಗಾಜು. ನಿಮ್ನ ದರ್ಪಣದ ಸಂಗಮಬಿಂದುವಿನಲ್ಲಿ ದೀಪವಿಟ್ಟರೆ ಪ್ರತಿಫಲಿತ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆಂದು ನಾವು ಪಾಠಗಳಲ್ಲಿ ಓದಿದ್ದೇವೆ. ಸಂಗಮದೂರವು ವಕ್ರತಾ ತ್ರಿಜ್ಯದ ಅರ್ಧ. ದೀಪವು ನೋಟಕ್ಕೆ ಅಡ್ಡಬಾರದಂತೆ ಗಾಜನ್ನು ಸ್ವಲ್ಪ ಓರೆಯಾಗಿ ಕೂರಿಸುತ್ತಾರೆ.

ದರ್ಪಣದ ಮೂಲಕ ಗುರಿಯೂ ಕಾಣಬೇಕಲ್ಲವೆ? ಇದಕ್ಕಾಗಿ ಗಾಜಿನ ಮೇಲೆ ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟು ತೆಳುವಾದ ಪದರಗಳನ್ನು ಒಂದರ ಮೇಲೊಂದು ಲೇಪಿಸಿರುತ್ತಾರೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ಹೊಳೆಯುವುದಕ್ಕೆ ಯಾವ ವ್ಯತಿಕರಣ ಕಾರಣವೋ ಇಲ್ಲಿಯೂ ಅದೇ. ಈ ಲೇಪ ಎಲ್.ಇ.ಡಿ.ಯ ಕೆಂಪನ್ನು ಮಾತ್ರ ಹಿಂದಕ್ಕೆ ಕಳುಹಿಸಿ, ಉಳಿದ ಬಣ್ಣಗಳನ್ನು ಒಳಗೆ ಬಿಡುತ್ತದೆ. ಆದುದರಿಂದಲೇ ಇಂತಹ ಗಾಜಿನ ಮೂಲಕ ನೋಡಿದ ಜಗತ್ತು ತುಸು ನೀಲಿಯಾಗಿ ತೋರುತ್ತದೆ.

ತಲೆಯನ್ನು ಅತ್ತಿತ್ತ ಸರಿಸಿದರೆ ಹತ್ತಿರದ ವಸ್ತು ದೂರದ ವಸ್ತುವಿನ ಮುಂದೆ ಜರುಗಿದಂತೆ ಕಾಣುವುದನ್ನು ದೃಗ್ಭೇದ ಎನ್ನೋಣ. ಪ್ಯಾರಲ್ಯಾಕ್ಸ್ ಎಂಬುದು ಅದರ ಇನ್ನೊಂದು ಹೆಸರು. ಚುಕ್ಕಿ ಗುರಿದರ್ಶಕದಲ್ಲಿ ದೃಗ್ಭೇದವೇ ಇಲ್ಲವೆಂದು ಜಾಹೀರಾತುಗಳು ಸಾರುವುದುಂಟು. ಇದು ಪೂರ್ಣ ಸತ್ಯವಲ್ಲ. ಕಿರಣಗಳು ಸಮಾನಾಂತರವಾಗಿರುವುದರಿಂದ, ಕಣ್ಣು ಅಕ್ಷದಿಂದ 10 ಮಿಲಿಮೀಟರ್ ಸರಿದಿದ್ದರೆ ಚುಕ್ಕಿ ತೋರುವ ಗೆರೆಯೂ ಅಷ್ಟೇ ಸರಿದಿರುತ್ತದೆ. ಗುಂಡು 10 ಮಿಲಿಮೀಟರ್ ತಪ್ಪುತ್ತದೆ. ಆದರೆ ಈ ತಪ್ಪು 10 ಮೀಟರಿಗೂ ಅಷ್ಟೇ, 50 ಮೀಟರಿಗೂ ಅಷ್ಟೇ, ದೂರದೊಡನೆ ಬೆಳೆಯುವುದಿಲ್ಲ. ಗಾಜಿನ ಅರ್ಧ ಅಗಲಕ್ಕಿಂತ ಹೆಚ್ಚಾಗುವುದೂ ಇಲ್ಲ. ತೆರೆದ ಸೈಟಿನ 78 ಮಿಲಿಮೀಟರಿನೊಡನೆ ಇದನ್ನು ಹೋಲಿಸಿದರೆ ಉಪಕರಣದ ನಿಜವಾದ ಹೆಗ್ಗಳಿಕೆ ಅರ್ಥವಾದೀತು. ದರ್ಪಣದ ವಕ್ರತೆಯಲ್ಲಿ ದೋಷವಿದ್ದರೆ ಮಾತ್ರ, ವಿಶೇಷವಾಗಿ ಗಾಜಿನ ಅಂಚಿನಲ್ಲಿ, ಇದಕ್ಕಿಂತ ದೊಡ್ಡ ತಪ್ಪು ಸಂಭವಿಸಬಹುದು.

ಆಯ್ಕೆಯ ಸೂತ್ರಗಳು

ಐ.ಪಿ.ಎಸ್.ಸಿ. ಎಂಬ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸ್ಸೌರಿ ಪ್ರಾಂತದಲ್ಲಿ ಸ್ಥಾಪನೆಯಾಯಿತು. ಅದರ ಪಿಸ್ತೂಲು ಸ್ಪರ್ಧೆಗಳಲ್ಲಿ ಇಂತಹ ಗುರಿದರ್ಶಕಗಳಿಗೆ ಪ್ರತ್ಯೇಕ ವಿಭಾಗಗಳಿವೆ. ಅಲ್ಲಿಯ ಸ್ಪರ್ಧಾಳು ಉಪಕರಣವನ್ನು ಕೊಳ್ಳುವಾಗ ಏನನ್ನು ವಿಚಾರಿಸುತ್ತಾನೆ?

ಮೊದಲನೆಯದು ಚುಕ್ಕಿಯ ಗಾತ್ರ. ಇದನ್ನು ಕೋನದ ಕಲೆಯಲ್ಲಿ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದಲ್ಲಿ ಹೇಳುತ್ತಾರೆ. ಒಂದು ಕಲೆ 25 ಮೀಟರ್ ದೂರದಲ್ಲಿ ಸುಮಾರು 7.3 ಮಿಲಿಮೀಟರನ್ನು ಆವರಿಸುತ್ತದೆ. 3 ಕಲೆಯ ಚುಕ್ಕಿ 22 ಮಿಲಿಮೀಟರನ್ನೂ, 6 ಕಲೆಯದು 44 ಮಿಲಿಮೀಟರನ್ನೂ ಮರೆಮಾಡುತ್ತದೆ. ಸೂಕ್ಷ್ಮ ಗುರಿಗೆ ಚಿಕ್ಕದು ಲೇಸು. ಬೇಗನೆ ಕಣ್ಣಿಗೆ ಬೀಳುವುದು ದೊಡ್ಡದು.

ಎರಡನೆಯದು ಗಾಜಿನ ಅಗಲ. ಅಗಲವಾದ ಗಾಜಿನಲ್ಲಿ ಚುಕ್ಕಿ ಬೇಗ ಸಿಗುತ್ತದೆ. ತೂಕ ಮಾತ್ರ ಹೆಚ್ಚು. ಮೂರನೆಯದು ದೀಪದ ರಕ್ಷಣೆ. ದೀಪ ಬಯಲಿಗೆ ತೆರೆದಿದ್ದರೆ ಮಳೆಹನಿ ಅಥವಾ ಧೂಳು ಅದರ ಮೇಲೆ ಕುಳಿತು ಚುಕ್ಕಿಯನ್ನು ಚದುರಿಸುತ್ತದೆ. ಎರಡೂ ಕಡೆ ಗಾಜಿನಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಈ ಭಯವಿಲ್ಲ. ನಾಲ್ಕನೆಯದು ಬೆಳಕಿನ ಹತೋಟಿ. ಮಧ್ಯಾಹ್ನದ ಬಿಸಿಲಿಗೆ ತಕ್ಕ ಪ್ರಕಾಶ ಮುಸ್ಸಂಜೆಯಲ್ಲಿ ಕಣ್ಣು ಕೋರೈಸುತ್ತದೆ. ಕೊನೆಯದಾಗಿ, ಉಪಕರಣವನ್ನು ದೂರುವ ಮುನ್ನ ಕಣ್ಣನ್ನು ಪರೀಕ್ಷಿಸಬೇಕು. ಅಸ್ಟಿಗ್ಮ್ಯಾಟಿಸಂ ಇರುವವರಿಗೆ ದುಂಡು ಚುಕ್ಕಿಯೂ ಅಲ್ಪವಿರಾಮದಂತೆ ಬಾಲ ಬಿಟ್ಟು ಕಾಣುತ್ತದೆ. ಚುಕ್ಕಿಯನ್ನು ಮೊಬೈಲ್ ಕ್ಯಾಮರಾದಿಂದ ನೋಡಿದಾಗ ದುಂಡಗಿದ್ದರೆ ದೋಷ ಕಣ್ಣಿನದೇ ಹೊರತು ಗಾಜಿನದಲ್ಲ.

ಜೋಡಣೆಯ ಜಾಗ್ರತೆ

ಯಾವ ಕೆಲಸಕ್ಕೂ ಮುನ್ನ ಪಿಸ್ತೂಲಿನಿಂದ ಗುಂಡುಗಳ ಕೋಶವನ್ನು ತೆಗೆದು, ನಳಿಕೆಯ ಕೋಣೆ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ಖಚಿತಪಡಿಸಿಕೊಳ್ಳಬೇಕು. ಈ ನಿಯಮಕ್ಕೆ ಅಪವಾದವಿಲ್ಲ.

ಗುರಿದರ್ಶಕ ಕುಳಿತುಕೊಳ್ಳುವುದು ಸ್ಲೈಡ್ ಎಂಬ ಉಕ್ಕಿನ ಮೇಲ್ಭಾಗದ ಮೇಲೆ. ಪ್ರತಿ ಗುಂಡಿಗೂ ಅದು ಹಿಂದಕ್ಕೆ ಚಿಮ್ಮಿ ಮುಂದಕ್ಕೆ ಅಪ್ಪಳಿಸುತ್ತದೆ. ಈ ಪೆಟ್ಟನ್ನು ತಡೆಯುವುದು ಎರಡು ಸಣ್ಣ ತಿರುಪುಗಳು. ಪೀಠದ ಉದ್ದ 40 ಮಿಲಿಮೀಟರ್ ಎನ್ನೋಣ. ಅದರ ಒಂದು ತುದಿಯ ಅಡಿಯಲ್ಲಿ 0.1 ಮಿಲಿಮೀಟರ್ ದಪ್ಪದ ಲೋಹದ ಚೂರು ಸಿಕ್ಕಿಕೊಂಡಿತೆಂದರೆ ಓರೆ 400ರಲ್ಲಿ 1 ಪಾಲು. 25 ಮೀಟರಿನಲ್ಲಿ 62.5 ಮಿಲಿಮೀಟರ್. ಆದುದರಿಂದ ಪೀಠವನ್ನೂ ತಿರುಪಿನ ರಂಧ್ರಗಳನ್ನೂ ಎಣ್ಣೆಯ ಜಿಡ್ಡಿಲ್ಲದಂತೆ ಒರೆಸಬೇಕು. ಆಯಾ ಪಿಸ್ತೂಲಿಗೆಂದೇ ಮಾಡಿದ ತಗಡನ್ನು ಬಳಸಬೇಕು. ತಿರುಪಿನ ಉದ್ದವೂ ಮುಖ್ಯ: ಕೆಲವು ಪಿಸ್ತೂಲುಗಳಲ್ಲಿ ಉದ್ದವಾದ ತಿರುಪು ಒಳಗಿನ ಭಾಗಗಳಿಗೆ ತಗುಲಿ ಯಂತ್ರವನ್ನೇ ತಡೆಯುತ್ತದೆ; ಗಿಡ್ಡದಾದರೆ ಕಚ್ಚಿಕೊಳ್ಳುವುದಿಲ್ಲ.

ತಿರುಪುಗಳಿಗೆ ಒಂದು ಹನಿ ಅಂಟುದ್ರವ ಹಚ್ಚಿ, ಎರಡನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ತಯಾರಕರು ಹೇಳುವ ಬಿಗಿತ ಸಾಮಾನ್ಯವಾಗಿ ಒಂದೂವರೆ ನ್ಯೂಟನ್-ಮೀಟರಿನ ಆಸುಪಾಸು. 10 ಸೆಂಟಿಮೀಟರ್ ಹಿಡಿಯ ತುದಿಗೆ ಒಂದೂವರೆ ಕಿಲೋಗ್ರಾಂ ತೂಗುಹಾಕಿದಷ್ಟು. ಬಲವಾಗಿ ಬಿಗಿದರೆ ತಿರುಪೇ ಮುರಿಯಬಹುದು. ಕೊನೆಗೆ ತಿರುಪಿನ ತಲೆಯಿಂದ ಪೀಠದವರೆಗೆ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ, ಸಡಿಲವಾದೊಡನೆ ಆ ಗೆರೆ ಮುರಿದು ಎಚ್ಚರಿಸುತ್ತದೆ.

ಚುಕ್ಕಿಯನ್ನು ಸರಿಪಡಿಸುವುದು

ಜೋಡಿಸಿದ ಮಾತ್ರಕ್ಕೆ ಚುಕ್ಕಿ ಸತ್ಯ ನುಡಿಯುವುದಿಲ್ಲ. ಒಂದೇ ಗುಂಡನ್ನು ನಂಬದೆ, ಆಸರೆಯ ಮೇಲೆ ಕೈಯೂರಿ ಐದು ಗುಂಡುಗಳನ್ನು ಹಾರಿಸಿ ಅವುಗಳ ನಡುಬಿಂದುವನ್ನು ಕಂಡುಕೊಳ್ಳಬೇಕು. ಗುಂಡುಗಳು ಒಂದರಿಂದೊಂದು ಚದುರಿರುವುದು ಕೈಯ ಮತ್ತು ಮದ್ದಿನ ಯಾದೃಚ್ಛಿಕ ದೋಷ. ನಡುಬಿಂದುವೇ ಗುರಿಯಿಂದ ಸರಿದಿರುವುದು ಉಪಕರಣದ ಕ್ರಮಬದ್ಧ ದೋಷ. ತಿರುಪಿನಿಂದ ತಿದ್ದಲಾಗುವುದು ಎರಡನೆಯದು ಮಾತ್ರ. 25 ಮೀಟರಿನಲ್ಲಿ ನಡುಬಿಂದು 30 ಮಿಲಿಮೀಟರ್ ಎಡಕ್ಕಿದ್ದು, ತಿರುಪಿನ ಒಂದು ಕ್ಲಿಕ್ ಒಂದು ಕಲೆಯಾದರೆ 30 ÷ 7.3, ಸುಮಾರು ನಾಲ್ಕು ಕ್ಲಿಕ್ ಬೇಕಾಗುತ್ತದೆ.

ಇಲ್ಲಿ ಗುರುತ್ವದ ಪಾತ್ರವೂ ಉಂಟು. ನೋಟದ ಗೆರೆ ನಳಿಕೆಯಿಂದ 25 ಮಿಲಿಮೀಟರ್ ಮೇಲಿದೆ, ಗುಂಡಿನ ವೇಗ ಸೆಕೆಂಡಿಗೆ 350 ಮೀಟರ್ ಎನ್ನೋಣ. 25 ಮೀಟರ್ ಕ್ರಮಿಸಲು ಸೆಕೆಂಡಿನ ಹದಿನಾಲ್ಕನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಗುಂಡು ಸುಮಾರು 25 ಮಿಲಿಮೀಟರ್ ಕೆಳಗಿಳಿಯುತ್ತದೆ. ಹೀಗಾಗಿ ಅದು 50 ಮಿಲಿಮೀಟರ್ ಮೇಲೇರುವಂತೆ, ಅಂದರೆ ಮೀಟರಿಗೆ 2 ಮಿಲಿಮೀಟರಿನಂತೆ, ನಳಿಕೆ ತಲೆಯೆತ್ತಿರಬೇಕು. ಅದೇ ಪಿಸ್ತೂಲಿನಿಂದ 5 ಮೀಟರಿಗೆ ಹೊಡೆದರೆ? ಗುಂಡು 10 ಮಿಲಿಮೀಟರ್ ಏರಿ, 1 ಮಿಲಿಮೀಟರ್ ಇಳಿದಿರುತ್ತದೆ; ಚುಕ್ಕಿಗಿಂತ 16 ಮಿಲಿಮೀಟರ್ ಕೆಳಗೆ ತಗಲುತ್ತದೆ. ಹತ್ತಿರದ ಗುರಿಗೆ ತಪ್ಪು ಕಡಿಮೆಯೆಂದು ಭಾವಿಸುವವರು ಇದನ್ನು ಮರೆಯಬಾರದು.

ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗ

ನಮ್ಮ ದೇಶದಲ್ಲಿ ಬಂದೂಕು, ಪಿಸ್ತೂಲುಗಳಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಬೇಕು. ಆದರೆ ಗ್ರಬ್ ಅವರ ತತ್ತ್ವವನ್ನು ಪರೀಕ್ಷಿಸಲು ಆಯುಧವೇಕೆ? 20 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರ, ಸೂಜಿಯಿಂದ ತೂತು ಮಾಡಿದ ರಟ್ಟು, ಒಂದು ಟಾರ್ಚು, ಒಂದು ಗಾಜಿನ ಹಲಗೆ ಸಾಕು. ರಟ್ಟನ್ನು ಮಸೂರದಿಂದ ಸರಿಯಾಗಿ 20 ಸೆಂಟಿಮೀಟರ್ ಹಿಂದಿಟ್ಟು ಟಾರ್ಚಿನಿಂದ ಬೆಳಗಿ. ಮಸೂರದ ಮುಂದೆ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ಮೂಲಕ ಕಿಟಕಿಯಾಚೆಯ ದೂರದ ಮರವನ್ನು ಮುಸ್ಸಂಜೆಯಲ್ಲಿ ನೋಡಿ. ಮರದ ಮೇಲೆ ಬೆಳಕಿನ ಬೊಟ್ಟೊಂದು ಕಾಣುತ್ತದೆ. ತಲೆಯನ್ನು ಅತ್ತಿತ್ತ ಆಡಿಸಿ. ಬೊಟ್ಟು ಮರವನ್ನು ಬಿಟ್ಟು ಕದಲದು. ಈಗ ರಟ್ಟನ್ನು 3 ಸೆಂಟಿಮೀಟರ್ ಮುಂದೆ ತನ್ನಿ. ಬಿಂಬವು ಅನಂತದಿಂದ ಸುಮಾರು ಒಂದು ಮೀಟರಿನಷ್ಟು ಹತ್ತಿರಕ್ಕೆ ಬಂದುಬಿಡುತ್ತದೆ; ತಲೆ ಅಲುಗಿದೊಡನೆ ಬೊಟ್ಟು ಮರದ ಮೇಲೆ ಅಲೆಯತೊಡಗುತ್ತದೆ.

ಈ ಪ್ರಯೋಗವನ್ನು ಮಾಡಿದವರು ಒಂದು ಮಾತನ್ನು ಮನಗಾಣುತ್ತಾರೆ. ಚುಕ್ಕಿ ಎಷ್ಟೇ ಪ್ರಕಾಶವಾಗಿದ್ದರೂ ಅದು ಸೂಚಿಸುವುದು ಒಂದು ದಿಕ್ಕನ್ನು ಮಾತ್ರ. ರಟ್ಟು ಮೂರು ಸೆಂಟಿಮೀಟರ್ ಸರಿದರೂ ಬೊಟ್ಟು ಮೊದಲಿನಂತೆಯೇ ಬೆಳಗುತ್ತಿರುತ್ತದೆ. ತಿರುಪು ಸಡಿಲವಾದ ಗುರಿದರ್ಶಕದ ಚುಕ್ಕಿಯೂ ಹಾಗೆಯೇ. ಹೊಳಪನ್ನು ಕಂಡು ನಿಖರತೆಯನ್ನು ನಂಬುವುದು ಪ್ರಯೋಗಶಾಲೆಯಲ್ಲಿ ತಪ್ಪು ಉತ್ತರಕ್ಕೆ ದಾರಿ. ಗುಂಡು ತುಂಬಿದ ಆಯುಧ ಹಿಡಿದವನಲ್ಲಿ ಅದು ಇನ್ನೊಬ್ಬರ ಪ್ರಾಣಕ್ಕೆ ಅಪಾಯ. ಅಳೆದು, ಪರೀಕ್ಷಿಸಿ, ಮತ್ತೆ ಅಳೆದು ನೋಡಿದ ಮೇಲೆಯೇ ಯಾವ ಉಪಕರಣವನ್ನಾದರೂ ನಂಬುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಅಭ್ಯಾಸ.