ಗದಗ ಸೀಮೆಯ ಕಂಬಗಳು, ಗುಡಿಗಳು: ಪರೀಕ್ಷಾ ಟಿಪ್ಪಣಿ

ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಇಲ್ಲಿಯ ವಾಸ್ತುಶಿಲ್ಪದ ಪ್ರಶ್ನೆಗಳು ಹೆಚ್ಚಾಗಿ ಕಲ್ಯಾಣ ಚಾಲುಕ್ಯರ ಸುತ್ತಲೇ ಬರುತ್ತವೆ. ಬಾದಾಮಿ ಚಾಲುಕ್ಯರ ಮರಳುಗಲ್ಲನ್ನು ಬಿಟ್ಟು ಇವರು ಬಳಪದ ಕಲ್ಲಿಗೆ ಬಂದರು. ಮೆತ್ತನೆಯ ಈ ಕಲ್ಲನ್ನು ತಿರುಗಿಸಿ ಕಡೆಯಬಹುದು. ಆದ್ದರಿಂದಲೇ ಇವರ ಕಂಬಗಳಲ್ಲಿ ಬುಡ ಚೌಕ, ನಡುವೆ ಗಂಟೆಯಾಕಾರ, ಮೇಲೆ ಬಳೆ ಜೋಡಿಸಿದಂಥ ತೆಳುವಾದ ಸುತ್ತುಗಳು. ಕುಸುರಿಗೆ ಹೆಸರಾದದ್ದು ಗದಗದ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿ.

ಲಕ್ಕುಂಡಿಯ ಬ್ರಹ್ಮ ಜಿನಾಲಯ (1007) ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಆಯ್ಕೆಯಲ್ಲಿ ಅರಸನ ಹೆಸರು ಕಂಡೊಡನೆ ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಸೋಮೇಶ್ವರ ಗುಡಿ ಎಲ್ಲರಿಗೂ ಗೊತ್ತು. ಶಂಖ ಬಸದಿಯ ಸಹಸ್ರಕೂಟವನ್ನು ಮಾತ್ರ ಹಲವರು ಮರೆಯುತ್ತಾರೆ. ಒಂದೇ ಶಿಲೆಯಲ್ಲಿ ಸಾಲುಸಾಲಾಗಿ ಬಿಡಿಸಿದ ಸಾವಿರಕ್ಕೂ ಮಿಕ್ಕ ಪುಟ್ಟ ಜಿನಬಿಂಬಗಳು ಅದರಲ್ಲಿವೆ.

ಗುಡಿಗಳಾಚೆಗೂ ಈ ಸೀಮೆಯ ಕೆಲವು ಹೆಸರುಗಳು ನೆನಪಿರಲಿ. ಶಿರಹಟ್ಟಿ ಎಂದರೆ ಭಾವೈಕ್ಯದ ಫಕೀರೇಶ್ವರ ಮಠ. ಮುಂಡರಗಿ ಎಂದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಭೀಮರಾವ್. ಆತ ಮಡಿದದ್ದು ಕೊಪ್ಪಳದಲ್ಲಿ. ಈ ಭಾಗದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಗುಡ್ಡದ ಸಾಲಿನಲ್ಲಿ ಈಗ ಕಾಣುವುದು ಗಾಳಿಯಂತ್ರದ ಉಕ್ಕಿನ ಕಂಬಗಳು.