ಸಿಲೆಬಸ್ ಮುಗಿಯುವವರೆಗೂ ಕಾಯಬೇಡಿ

ಪ್ರಶ್ನೆ: ನನಗೆ 28 ವರ್ಷ. ಸಾಮಾನ್ಯ ವರ್ಗದವನು. ಹಾವೇರಿ ಕಡೆಯ ಒಕ್ಕಲುತನದ ಮನೆ. ನಾಲ್ಕು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ಓದುತ್ತಿದ್ದೇನೆ. ಸಂವಿಧಾನದ ನೋಟ್ಸನ್ನೇ ಮೂರು ಸಲ ಹೊಸದಾಗಿ ಬರೆದಿದ್ದೇನೆ. ಎರಡು ಸಲ ಅರ್ಜಿ ಹಾಕಿ ಹಾಲ್ ಟಿಕೆಟ್ ಬಂದರೂ, ಸಿಲೆಬಸ್ ಪೂರ್ತಿಯಾಗದೆ ಅಟೆಂಪ್ಟ್ ಯಾಕೆ ಕಳೆದುಕೊಳ್ಳಬೇಕು ಅಂತ ಪರೀಕ್ಷೆಗೆ ಹೋಗಲಿಲ್ಲ. ಹಿಂದಿನ ರಾತ್ರಿ ನಿದ್ದೆಯೂ ಇರಲಿಲ್ಲ. ಮಗ ಎರಡು ಸಲ ಫೇಲಾದ ಅಂತ ಅಪ್ಪ ತಿಳಿದಿದ್ದಾರೆ. ದುಡ್ಡು ಕಳಿಸುವಾಗ, ‘ಹ್ಯಾಂಗ ನಡದೈತಿ ಓದು?’ ಅಂತ ಕೇಳುತ್ತಾರೆ. ಏನು ಮಾಡಲಿ?

– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಅಂಜಿಕೆಗೆ ಕಾರಣವಿಲ್ಲದಿಲ್ಲ. ಸಾಮಾನ್ಯ ವರ್ಗಕ್ಕೆ ಇರುವುದೇ ಆರು ಅವಕಾಶ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕೂತರೂ ಒಂದು ಲೆಕ್ಕಕ್ಕೆ ಬೀಳುತ್ತದೆ, ಕೂರದಿದ್ದರೆ ಬೀಳುವುದಿಲ್ಲ. ಹೀಗಾಗಿ ಉಳಿಸಿಕೊಂಡೆ ಎಂದು ನಿಮಗೆ ಅನಿಸಿದೆ. ಆದರೆ ವಯಸ್ಸಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 32 ತುಂಬಿರಬಾರದು. ಅಂದರೆ ಇನ್ನು ಹೆಚ್ಚೆಂದರೆ ನಾಲ್ಕು ಸಲ ನೀವು ಬರೆಯಬಹುದು. ಉಳಿಸಿಕೊಂಡೆ ಅಂದುಕೊಂಡ ಆರರಲ್ಲಿ ಎರಡು ಆಗಲೇ ಕೈಬಿಟ್ಟು ಹೋಗಿವೆ. ಪರೀಕ್ಷಾ ಕೊಠಡಿಯೊಳಗೆ ಹೋಗಿ ಕಳೆದುಕೊಂಡಿದ್ದರೆ ಅನುಭವವಾದರೂ ನಿಮ್ಮದಾಗುತ್ತಿತ್ತು.

ಇನ್ನು ‘ಪೂರ್ತಿ’ ಎಂಬ ಮಾತು. 2023ರ ಪ್ರಿಲಿಮ್ಸ್‌ನಲ್ಲಿ ಸಾಮಾನ್ಯ ವರ್ಗದ ಕಟ್-ಆಫ್ 200ಕ್ಕೆ 75.41 ಇತ್ತು. ನೂರಕ್ಕೆ ನಲವತ್ತೂ ಇಲ್ಲ! ಎರಡನೇ ಪತ್ರಿಕೆಯಾದ ಸಿಸ್ಯಾಟ್‌ಗೆ ಶೇ 33 ಬಂದರೆ ಸಾಕು. ಮೇನ್ಸ್‌ನ ಮೊದಲ ಮೂರು ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ತಲಾ ಮೂರು ಗಂಟೆಗೆ 20 ಪ್ರಶ್ನೆ; ಒಂದೊಂದಕ್ಕೆ ಒಂಬತ್ತು ನಿಮಿಷ. ಪ್ರಶ್ನೆ ಓದಿ, ಯೋಚಿಸಿ, 150 ಅಥವಾ 250 ಪದ ಬರೆದು ಮುಂದಕ್ಕೆ ಹೋಗಬೇಕು. ಲೋಪವಿಲ್ಲದ ಉತ್ತರವನ್ನು ಈ ಪರೀಕ್ಷೆ ಯಾರಿಂದಲೂ ಕೇಳುತ್ತಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟು, ಅರ್ಧ ಗೊತ್ತಿರುವುದನ್ನು ಅಳೆದು, ಗೊತ್ತಿರುವುದನ್ನು ಸಮಯದೊಳಗೆ ಮುಗಿಸುವವರು ಅದಕ್ಕೆ ಬೇಕು. ಈ ಒಂದು ಕೌಶಲವನ್ನೇ ನಾಲ್ಕು ವರ್ಷದಲ್ಲಿ ನೀವು ಒಮ್ಮೆಯೂ ಮುಟ್ಟಿಲ್ಲ. ಓದಿನಲ್ಲಿ ನೀವು ಹಿಂದಿಲ್ಲ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ.

ನೋಟ್ಸ್ ಮತ್ತೆ ಬರೆದಾಗ ಸಿಗುವ ಸಮಾಧಾನವನ್ನು ಅಷ್ಟಾಗಿ ನಂಬಬೇಡಿ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರಿಗೆ ಹೆಚ್ಚು ನೆನಪಿತ್ತು. ‘ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಮಾತ್ರ ಮರುಓದಿನವರಲ್ಲೇ ಜಾಸ್ತಿ. ನಿಮ್ಮ ಮೂರನೇ ನೋಟ್ಸ್ ಕೊಡುತ್ತಿರುವುದು ಈ ಭರವಸೆಯನ್ನೇ.

ಹಾಗಾದರೆ ಈ ವಾರವೇ ಮಾಡಬೇಕಾದ ಕೆಲಸ ಹೇಳುತ್ತೇನೆ. ಆಯೋಗದ ಜಾಲತಾಣದಿಂದ ಹಳೆಯ ಪ್ರಿಲಿಮ್ಸ್ ಪತ್ರಿಕೆಯೊಂದನ್ನು ಪ್ರಿಂಟ್ ತೆಗೆಸಿ. ಭಾನುವಾರ ಬೆಳಿಗ್ಗೆ 9.30ಕ್ಕೆ ಮೊಬೈಲ್ ಆಚೆಗಿಟ್ಟು ಎರಡು ಗಂಟೆ ಬರೆಯಿರಿ. ಅದಕ್ಕಾಗಿ ಏನನ್ನೂ ಹೊಸದಾಗಿ ಓದಬೇಡಿ, ಇದು ಮುಖ್ಯ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಳೆದು ಅಂಕ ಹಾಕಿಕೊಳ್ಳಿ. ಅಂಕ ಕಡಿಮೆ ಬರಬಹುದು, ಬರಲಿ; ಮುಂದಿನ ಓದು ಎಲ್ಲಿಂದ ಶುರುವಾಗಬೇಕು ಎಂಬುದನ್ನು ತಪ್ಪಾದ ಪ್ರಶ್ನೆಗಳೇ ಹೇಳುತ್ತವೆ. ದಿನಕ್ಕೊಂದು ಮೇನ್ಸ್ ಉತ್ತರವನ್ನು ಒಂಬತ್ತು ನಿಮಿಷದಲ್ಲಿ ಬರೆದು, ತಿದ್ದದೆ, ಪಕ್ಕದ ರೂಮಿನ ಗೆಳೆಯನ ಕೈಗೆ ಕೊಡಿ. ಕೊಡುವಾಗ ಹಿಂಜರಿಕೆಯಾಗುತ್ತದೆ. ನೀವು ನಾಲ್ಕು ವರ್ಷದಿಂದ ತಪ್ಪಿಸಿಕೊಂಡು ಬಂದಿರುವುದು ಆ ಹಿಂಜರಿಕೆಯನ್ನೇ, ಸಿಲೆಬಸ್ಸನ್ನಲ್ಲ ಎಂದು ನನಗೆ ಅನಿಸುತ್ತದೆ.

ಪರೀಕ್ಷೆ ಹತ್ತಿರವಾದಾಗಷ್ಟೇ ಅಲ್ಲದೆ ಬೇರೆ ದಿನಗಳಲ್ಲೂ ನಿದ್ದೆ ಕೆಡುತ್ತಿದ್ದರೆ, ಎದೆ ಹಿಡಿದಂತಾಗುತ್ತಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ತಡಮಾಡಬೇಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಅಪ್ಪನ ವಿಷಯ. ನೀವು ಬರೆಯಲೇ ಇಲ್ಲ ಎಂದು ಗೊತ್ತಾದರೆ ಅವರಿಗೆ ನೋವಾಗುತ್ತದೆ. ಆದರೂ ಹೇಳಿ. ಮಗ ಎರಡು ಸಲ ಸೋತ ಎಂಬ ಇಲ್ಲದ ದುಃಖವನ್ನು ಅವರು ಹೊತ್ತುಕೊಂಡಿದ್ದಾರೆ, ನೀವು ಅದನ್ನು ಬಚ್ಚಿಡುವ ಭಾರ ಹೊತ್ತಿದ್ದೀರಿ. ಇದರ ನಡುವೆ ಓದು ಹೇಗೆ ಹತ್ತೀತು? ಫೋನಿನಲ್ಲಿ ಬೇಡ, ಊರಿಗೆ ಹೋಗಿ ಎದುರಿಗೆ ಕೂತು ಹೇಳಿ. ಭಾನುವಾರದ ಪತ್ರಿಕೆ ಬರೆದು ಮುಗಿಸಿಕೊಂಡೇ ಬಸ್ಸು ಹತ್ತಿ. ಓದು ಹ್ಯಾಂಗ ನಡದೈತಿ ಎಂದು ಅವರು ಕೇಳಿದರೆ, 200ಕ್ಕೆ ಎಷ್ಟು ಬಂತು ಎಂದು ಹೇಳಬಹುದು.