ಮನೆ ಕೊಟ್ಟರೆ ಸಾಲದು, ಮತ್ತೆ ಬಂದು ವಿಚಾರಿಸಬೇಕು
(ಕಿರು ಕ್ರೈಸ್ತ ಸಮುದಾಯಗಳ ಈ ತಿಂಗಳ ಅಧ್ಯಯನಕ್ಕಾಗಿ)



ದಯಾವಂತ ಸಮಾರಿಯದವನ ಸಾಮತಿಯನ್ನು (ಲೂಕ 10:25-37) ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ ಭಾಗ ಎಲ್ಲರಿಗೂ ನೆನಪಿರುತ್ತದೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆತ ಗಾಯಾಳುವನ್ನು ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ನೋಡಿಕೊಳ್ಳಲು ಒಪ್ಪಿಸಿದ. ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆಂದು ಮಾತು ಕೊಟ್ಟ. ಇಲ್ಲಿ ನಾಲ್ಕು ಸಂಗತಿಗಳಿವೆ: ತಂಗಲು ಜಾಗ, ನೋಡಿಕೊಳ್ಳುವ ಮನುಷ್ಯ, ಅದಕ್ಕೆ ಬೇಕಾದ ಹಣ, ಮತ್ತೆ ಬಂದು ವಿಚಾರಿಸುವ ಮಾತು. ನಮ್ಮ ದಾನಧರ್ಮದಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಈ ನಾಲ್ಕನೆಯದು.

ಎರಡೇ ದಾರಿಯೇ?

ಒಂಟಿಯಾಗಿರುವ ವಿಧವೆ, ಅಂಗವಿಕಲರು, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡವರು, ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳು, ಹದಿನೆಂಟು ತುಂಬಿ ಅನಾಥಾಲಯದಿಂದ ಹೊರಬಂದ ಯುವಕ: ಇಂಥವರ ಮಾತು ಬಂದಾಗ ನಾವು ಎರಡೇ ದಾರಿ ಯೋಚಿಸುತ್ತೇವೆ. ಒಂದೋ ಬಂಧುಗಳು ನೋಡಿಕೊಳ್ಳಲಿ, ಇಲ್ಲವೇ ಯಾವುದಾದರೂ ಆಶ್ರಮಕ್ಕೆ ಸೇರಿಸೋಣ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅವರು ತಮ್ಮ ಮನೆಯಲ್ಲೇ ಇದ್ದು, ಬೀಗದ ಕೈ ತಾವೇ ಇಟ್ಟುಕೊಂಡು, ತಮಗೆ ಬೇಕಾದ ಅಡುಗೆ ಮಾಡಿಕೊಂಡು ಬದುಕುವುದು. ಕೈಲಾಗದ ಕೆಲಸಕ್ಕೆ ಮಾತ್ರ ಇನ್ನೊಬ್ಬರು ಹೆಗಲು ಕೊಡುವುದು. ಸ್ವತಂತ್ರವಾಗಿ ಬದುಕುವುದೆಂದರೆ ಒಂಟಿಯಾಗಿ ಬದುಕುವುದಲ್ಲ.

ಗೀಲ್ ಊರಿನ ಪಾಠ

ಇದು ಹೊಸ ಯೋಚನೆಯೇನಲ್ಲ. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ ಸಂತ ಡಿಂಫ್ನಾಳ ದೇವಾಲಯವಿದೆ. ದುಃಖದಿಂದ ಬುದ್ಧಿ ಕೆಟ್ಟಿದ್ದ ತನ್ನ ತಂದೆಯ ಕೈಯಿಂದಲೇ ಆಕೆ ಸತ್ತಳೆಂದು ಪರಂಪರೆ ಹೇಳುತ್ತದೆ. ಆದ್ದರಿಂದ ಮನೋರೋಗಿಗಳ ಪಾಲಕಿಯೆಂದು ಆಕೆಯನ್ನು ಗೌರವಿಸುತ್ತಾರೆ. ಹಬ್ಬ ಮೇ 15. ಮಧ್ಯಯುಗದಲ್ಲಿ ಜನರು ಮನಸ್ಸಿನ ಕಾಯಿಲೆಯ ತಮ್ಮವರನ್ನು ಅಲ್ಲಿಗೆ ಯಾತ್ರೆ ಕರೆತರುತ್ತಿದ್ದರು. ದೇವಾಲಯದ ಬಳಿಯ ವಸತಿ ತುಂಬಿದಾಗ ಊರಿನವರು ತಮ್ಮ ಮನೆಗಳಲ್ಲಿ ಜಾಗ ಕೊಟ್ಟರು. ಯಾತ್ರೆಗೆ ಬಂದವರು ಹೊಲಮನೆ ಕೆಲಸಕ್ಕೆ ಕೈಜೋಡಿಸುತ್ತಾ ಮನೆಯವರಂತೆ ಉಳಿದರು. ಅವರನ್ನು ರೋಗಿಗಳೆನ್ನದೆ ಮನೆಯಲ್ಲಿ ತಂಗಿದವರು ಎಂದೇ ಕರೆದರು. 1938ರ ಹೊತ್ತಿಗೆ ಅಂಥವರು 3,700ಕ್ಕೂ ಹೆಚ್ಚು ಮಂದಿ ಇದ್ದರು. ಈಗ ಸಂಖ್ಯೆ ಬಹಳ ಇಳಿದಿದ್ದರೂ ಪದ್ಧತಿ ನಿಂತಿಲ್ಲ. 2023ರಲ್ಲಿ ಯುನೆಸ್ಕೊ ಇದನ್ನು ಕಾಪಾಡಬೇಕಾದ ಉತ್ತಮ ಪದ್ಧತಿಗಳ ಪಟ್ಟಿಗೆ ಸೇರಿಸಿತು.

ಇಷ್ಟು ಕಾಲ ಅದು ಉಳಿದದ್ದು ಕರುಣೆಯೊಂದರಿಂದಲೇ ಅಲ್ಲ. ಮನೆಯವರಿಗೆ ಭತ್ಯೆ ಸಿಗುತ್ತದೆ, ಅವರ ಬೆನ್ನಿಗೆ ಆಸ್ಪತ್ರೆಯೂ ದಾದಿಯರೂ ಇದ್ದಾರೆ. ಛತ್ರದವನಿಗೂ ಸಮಾರಿಯದವನು ನಾಣ್ಯ ಕೊಟ್ಟಿದ್ದನಲ್ಲವೇ?

ನಮ್ಮ ನಾಡಿನಲ್ಲಿ

ದೂರದ ಬೆಲ್ಜಿಯಂ ಬಿಟ್ಟು ನಮ್ಮ ತಮಿಳುನಾಡನ್ನೇ ನೋಡೋಣ. ಬೀದಿಪಾಲಾದ ಮನೋರೋಗಿ ಮಹಿಳೆಯರಿಗಾಗಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಚೆನ್ನೈಯಲ್ಲಿ ‘ದಿ ಬನಿಯನ್’ ಸಂಸ್ಥೆ ಆರಂಭಿಸಿದರು. ವಾಸಿಯಾದರೂ ಮನೆಯವರು ಕರೆದೊಯ್ಯದೆ ಹಲವರು ಅಲ್ಲೇ ಉಳಿದುಬಿಡುತ್ತಿದ್ದರು. ಅಂಥವರಿಗಾಗಿ 2015ರಿಂದ ‘ಹೋಮ್ ಅಗೇನ್’ ನಡೆದಿದೆ. ಸಾಮಾನ್ಯ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕೈದು ಮಂದಿ ಒಟ್ಟಿಗೆ ಇರುತ್ತಾರೆ. ಆಸುಪಾಸಿನ ಊರಿನ ಸಹಾಯಕಿಯರು ಅಗತ್ಯವಿದ್ದಷ್ಟು ಜೊತೆ ನೀಡುತ್ತಾರೆ. ಸಂತೆಗೆ ಹೋಗುವುದು, ಅಕ್ಕಪಕ್ಕದವರೊಡನೆ ಮಾತಾಡುವುದು, ಹಬ್ಬ ಮಾಡುವುದು ಎಲ್ಲವೂ ಅವರ ಬಾಳಿಗೆ ಮರಳುತ್ತವೆ.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೇ ವಿಧಿಯಂತೆ, ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ ಅಥವಾ ಮನೆಯಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅಂಗವಿಕಲರಿಗೂ ಸಮುದಾಯದ ನಡುವೆ ಬಾಳುವ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಹಾಸಿಗೆ ಹಿಡಿದವರ ಆರೈಕೆಯೂ ಇದರಲ್ಲಿ ಸೇರಿದೆ. ಮನಸ್ಸಿಗೆ ಕಷ್ಟವಾದಾಗ 14416ಕ್ಕೆ ಫೋನ್ ಮಾಡಿದರೆ ‘ಟೆಲಿ ಮಾನಸ್’ ಸಲಹೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಾವು ಮಾಡಬಹುದಾದದ್ದು

ಹೊಸೂರು ಸೀಮೆಯ ನಮ್ಮ ಹಿರಿಯರಿಗೆ ಇನ್ನೊಂದು ತೊಡಕಿದೆ. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಪಿಂಚಣಿ ನಿಂತರೆ ಏಕೆ ನಿಂತಿತೆಂದು ಕೇಳಲು ಸಂಕೋಚ. ರೇಷನ್ ಅಂಗಡಿಯಲ್ಲಿ ಸವೆದ ಬೆರಳಿನ ಗುರುತು ಕೂಡದಿದ್ದರೆ ಬರಿಗೈಯಲ್ಲಿ ವಾಪಸ್. ಹೀಗೆ ಒಂದೊಂದೇ ಕೊಂಡಿ ಕಳಚಿ, ಕೊನೆಗೆ ಮನೆಯೇ ಕೈತಪ್ಪುತ್ತದೆ. ಎರಡೂ ಭಾಷೆ ಬಲ್ಲ ನಮ್ಮ ಯುವಜನರು ತಿಂಗಳಿಗೊಂದು ದಿನ ಜೊತೆಗೆ ಹೋದರೆ ಅದೇ ದೊಡ್ಡ ಸೇವೆ.

ಒಂದು ಎಚ್ಚರವಿರಲಿ. ಸಹಾಯದ ಹೆಸರಿನಲ್ಲಿ ಯಜಮಾನಿಕೆ ಬೇಡ. ಅವರ ಪಾಸ್‌ಬುಕ್, ಬೀಗದ ಕೈ ಅವರ ಬಳಿಯೇ ಇರಲಿ. ಏನು ಬೇಕೆಂದು ಮೊದಲು ಕೇಳೋಣ. ಬಾಗಿಲು ತಟ್ಟಿ ಒಳಗೆ ಹೋಗೋಣ. ಕ್ರಿಸ್ಮಸ್ಸಿಗೆ ಅಕ್ಕಿಚೀಲ ಕೊಟ್ಟು ಫೋಟೋ ತೆಗೆಸಿಕೊಂಡವರು ಫೆಬ್ರುವರಿಯಲ್ಲಿ ಆ ಮನೆಯ ಹೊಸ್ತಿಲು ತುಳಿದೆವೇ? ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳೋಣ.

ಚರ್ಚೆಗೆ

1. ನಮ್ಮ ಸಮುದಾಯದಲ್ಲಿ ಒಂಟಿಯಾಗಿ ವಾಸಿಸುವವರು ಯಾರು? ಅವರನ್ನು ಕೊನೆಯದಾಗಿ ಕಂಡದ್ದು ಯಾವಾಗ?
2. ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡವರು ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಕೇಳಿದರೆ ನಾವು ಏನು ಹೇಳುತ್ತೇವೆ?
3. ಈ ತಿಂಗಳು ಭೇಟಿ ಮಾಡುವ ಒಂದು ಮನೆಯನ್ನೂ, ಮತ್ತೆ ಹೋಗುವ ದಿನವನ್ನೂ ಈಗಲೇ ಗೊತ್ತುಮಾಡಿಕೊಳ್ಳಿ.